ಬಲಕ್ಕೆರಡು ಚುಕ್ಕಿ, ಎಡಕ್ಕೆರಡು ಚುಕ್ಕಿ

ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ಕರೆಯುವುದು ಗುರುತಿನಕ್ಕ ಅಂತ. ಯಜಮಾನರ ಮೊಮ್ಮಕ್ಕಳೂ ಹಾಗೇ ಕರೆಯುತ್ತಾರೆ. ಅವಳ ಗಂಡನೂ ಬದುಕಿದ್ದಷ್ಟು ದಿನ ಬಾಯಿತಪ್ಪಿ ಹಾಗೇ ಕರೆದು ಬೈಸಿಕೊಳ್ಳುತ್ತಿದ್ದ. ನಲವತ್ತೆಂಟು ವರ್ಷದಿಂದ ಅವಳದು ಒಂದೇ ಕೆಲಸ. ಒಗೆಯೋಕೆ ಬಂದ ಬಟ್ಟೆಯ ಅಂಚು ಮಗುಚಿ, ಒಳಗಡೆ ಕೆಂಪು ದಾರದಲ್ಲಿ ಆ ಮನೆಯ ಗುರುತು ಹೊಲಿಯುವುದು. ಒಗೆದು ಒಣಗಿ ಬಂದ ಮೇಲೆ ಗುರುತು ನೋಡಿ ಆಯಾ ಮನೆಯ ಮೂಟೆಗೆ ಸೇರಿಸುವುದು. ಒಂದು ಮನೆಗೆ ಎರಡು ಗೆರೆ, ಇನ್ನೊಂದು ಮನೆಗೆ ಗೆರೆ ಮೇಲೆ ಗೆರೆ, ಮತ್ತೊಂದಕ್ಕೆ ಮೂರು ಚುಕ್ಕಿ. ಓದು ನಾಲ್ಕನೇ ಕ್ಲಾಸಿಗೇ ನಿಂತಿತು, ಆದರೆ ಮುನ್ನೂರು ಮನೆಯ ಗುರುತು ಅವಳಿಗೆ ಬಾಯಿಪಾಠ. ಹೊರಗೆ ಗರಿಗರಿ ಕೋಟು ತೊಟ್ಟು ಒಳಗೆ ತೂತು ಬನಿಯನ್ ಹಾಕುವ ದೊಡ್ಡ ಮನುಷ್ಯರು ಯಾರು ಯಾರು ಅನ್ನೋದೂ ಗೊತ್ತು. ಹೇಳೋದಿಲ್ಲ ಅಷ್ಟೇ.

ಅವಳಿಗೆ ಒಂದು ಚಟ ಇದೆ. ವಿಂಗಡಿಸುವಾಗ ಪ್ರತಿ ಬಟ್ಟೆಯ ಅಂಚನ್ನೂ ತಿರುಗಿಸಿ, ದಾರದ ಗಂಟು ಎಲ್ಲಿದೆ ಅಂತ ಹೆಬ್ಬೆರಳಿನಿಂದ ಮುಟ್ಟಿ ನೋಡುತ್ತಾಳೆ. ಎಷ್ಟೇ ಅವಸರವಿರಲಿ, ಮುಟ್ಟದೆ ಮುಂದಕ್ಕೆ ಹೋಗುವುದಿಲ್ಲ. ಹೊಸದಾಗಿ ಸೇರಿದ ಹುಡುಗಿಯರು ಕಿಸಿಕಿಸಿ ನಗುತ್ತಾರೆ. ಅವರಿಗೇನು ಗೊತ್ತು, ಪಾಪ. ಆ ಗಂಟನ್ನು ಒಂದು ದಿನ ಮುಟ್ಟದೆ ಬಿಟ್ಟದ್ದಕ್ಕೆ ಒಬ್ಬ ಹೆಂಗಸು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಬೇಕಾಗಿ ಬಂದಿತ್ತು, ಕೂದಲೆಳೆಯಲ್ಲಿ ತಪ್ಪಿತು.

ಆಗ ಅವಳಿಗೆ ಹದಿನಾರು ತುಂಬಿ ಹದಿನೇಳು. ಅಮ್ಮ ತೀರಿಕೊಂಡ ಮೇಲೆ ಸಾಕಿದವಳು ದೊಡ್ಡಮ್ಮ. ಲಾಂಡ್ರಿಗೆ ಸೇರಿಸಿದವಳೂ ಅವಳೇ. ದೊಡ್ಡಮ್ಮ ಇಸ್ತ್ರಿ ಮೇಜಿನ ಒಡತಿ. ಕೈಯಲ್ಲಿ ಇಸ್ತ್ರಿಪೆಟ್ಟಿಗೆ, ಬಾಯಲ್ಲಿ ಅದಕ್ಕಿಂತ ಬಿಸಿ ಮಾತು. ಗುರುತು ಹೊಲಿಯೋದನ್ನು ಕಲಿಸಿದ್ದು ಕಣ್ಣು ಮಂಜಾಗಿ ಕೆಲಸ ಬಿಡಲಿದ್ದ ಒಬ್ಬ ಅಜ್ಜಿ. ಕಲಿಸಿದ್ದು ಮೂರೇ ದಿನ, ಹೇಳಿದ್ದು ಒಂದೇ ಮಾತು.

"ಗಂಟು ಯಾವಾಗ್ಲೂ ಹಿಂಬದಿಗೆ ಬರ್ಬೇಕು ಕಣೇ. ಗುರುತು ನೋಡೋಕ್ಮುಂಚೆ ಗಂಟು ನೋಡು. ಗಂಟು ಕಂಡ್ರೆ ನೀನು ಬಟ್ಟೆನ ಹಿಂದುಮುಂದಾಗಿ ಹಿಡ್ದಿದ್ದೀಯ ಅಂತ ತಿಳ್ಕೋ. ತಿರುಗಿಸಿ ಆಮೇಲೆ ನೋಡು."

"ಸರಿ ಅಜ್ಜಿ."

"ಸರಿ ಅಂದ್ರೆ ಸಾಲ್ದು. ನನ್ ಕಣ್ಣು ಹೋಗಿದ್ದು ಗಂಟು ನೋಡೀ ನೋಡೀನೇ. ನೀನೂ ಹಾಗೇ ಕಳ್ಕೋ."

ಅದು ಆಶೀರ್ವಾದವೋ ಶಾಪವೋ ಹುಡುಗಿಗೆ ತಿಳಿಯಲಿಲ್ಲ.

ಲಾಂಡ್ರಿಯ ಮುಂಭಾಗದಲ್ಲಿ ಗಾಜಿನ ಕಟ್ಟೆ, ಅದರ ಹಿಂದೆ ಯಜಮಾನರು. ನಡುವೆ ಉದ್ದನೆಯ ಇಸ್ತ್ರಿ ಮೇಜು, ಪಕ್ಕದಲ್ಲಿ ಕಿಟಕಿಯ ಬೆಳಕಿಗೆ ಹುಡುಗಿಯ ಸ್ಟೂಲು. ಹಿಂಭಾಗದಲ್ಲಿ ಕುದಿಯುವ ಹಂಡೆಗಳು, ಮಳೆ ಮೋಡದ ದಿನಕ್ಕೆ ಬಟ್ಟೆ ಒಣಗಿಸುವ ಒಲೆಕೋಣೆ, ಮತ್ತೆ ಎರಡು ಸಿಮೆಂಟು ತೊಟ್ಟಿ. ದೊಡ್ಡ ತೊಟ್ಟಿ ಊರಿನ ಬಟ್ಟೆಗೆ. ಹಿಂಬಾಗಿಲಿಗೆ ಅಂಟಿದ ಸಣ್ಣ ತೊಟ್ಟಿ ಆಚೆಯವರಿಗೆ, ಅದರ ಬಟ್ಟೆಗೆ ಒಲೆಕೋಣೆ ಇಲ್ಲ.

ಆಚೆಯವರು ಅಂದರೆ ಸೇತುವೆಯ ಆಚೆ ಇರುವವರು. ಅವರ ಅಜ್ಜಂದಿರು ಎಲ್ಲಿಂದಲೋ ಕೂಲಿಗೆ ಬಂದವರಂತೆ. ಅವರ ಮೈಬಣ್ಣ ಕಪ್ಪು, ಕೂದಲು ಬೇರೆ ಥರ. ಮೂರು ತಲೆಮಾರು ಕಳೆದಿದ್ದರೂ ಊರಿನ ಬಾಯಲ್ಲಿ ಅವರು ನಿನ್ನೆ ಬಂದವರೇ. ಲಾಂಡ್ರಿಯಲ್ಲಿ ಬಟ್ಟೆ ಹಿಂಡುವ ಹೆಂಗಸು ಆಚೆಯವಳು. ಎತ್ತರದ ಆಳು, ಅಗಲ ಭುಜ. ಒದ್ದೆ ಬೆಡ್‌ಶೀಟನ್ನು ಕಂಬಕ್ಕೆ ಸುತ್ತಿ ಎರಡು ತಿರುವು ತಿರುವಿದಳೆಂದರೆ ಹನಿ ನೀರು ಉಳಿಯುತ್ತಿರಲಿಲ್ಲ. ಇಬ್ಬರು ಗಂಡಸರು ಮಾಡುವ ಕೆಲಸವನ್ನು ಒಬ್ಬಳೇ ಮಾಡುತ್ತಿದ್ದಳು, ಅರ್ಧ ಆಳಿನ ಕೂಲಿ ಪಡೆಯುತ್ತಿದ್ದಳು. ಊರಿನ ದೊಡ್ಡ ಮನೆಗಳ ಹಾಸು ಹೊದಿಕೆಯೆಲ್ಲ ದಿನವಿಡೀ ಅವಳ ಎರಡು ಕೈಯಲ್ಲೇ. ಆದರೆ ಅವಳ ಮನೆಯ ಒಂದು ಕರವಸ್ತ್ರವೂ ದೊಡ್ಡ ತೊಟ್ಟಿಗೆ ಬೀಳಕೂಡದು. ಈ ನಿಯಮ ಎಲ್ಲೂ ಬರೆದಿರಲಿಲ್ಲ. ಬರೆಯುವ ಅಗತ್ಯವೇ ಯಾರಿಗೂ ಕಂಡಿರಲಿಲ್ಲ.

ಉಳಿದವರು ಅವಳನ್ನು 'ಏಯ್, ಆಚೆಯವಳೇ' ಅನ್ನುತ್ತಿದ್ದರು. ಹುಡುಗಿ ಮಾತ್ರ ಅಕ್ಕ ಅನ್ನುತ್ತಿದ್ದಳು. ದೊಡ್ಡ ಮನಸ್ಸಿನಿಂದ ಅಂತ ಏನಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ಊರಿನ ಸುದ್ದಿಯನ್ನು ಅಷ್ಟು ಸೊಗಸಾಗಿ ಹೇಳುವವರು ಬೇರೆ ಯಾರೂ ಇರಲಿಲ್ಲ. ಕಥೆ ಬೇಕಾದರೆ ಅಕ್ಕ ಅನ್ನಲೇಬೇಕಲ್ಲ.

ಒಂದು ಸಲ ವಾರವಿಡೀ ಮೋಡ ಮುಚ್ಚಿಕೊಂಡು ಕೂತಿತು. ಹಿಂಡುವ ಅಕ್ಕನ ಅತ್ತೆಗೆ ಮೈ ಒಂದು ಕಡೆ ಬಿದ್ದುಹೋಗಿತ್ತು, ಹಾಸಿಗೆಯಲ್ಲೇ ಎಲ್ಲ. ಮನೆಯಲ್ಲಿದ್ದದ್ದು ಎರಡು ಬೆಡ್‌ಶೀಟು, ಎರಡೂ ಒಣಗುತ್ತಿಲ್ಲ.

"ಅತ್ತೆನ ಒಣಗಿಸೋದಾ, ಬೆಡ್‌ಶೀಟ್ ಒಣಗಿಸೋದಾ ತಿಳೀತಿಲ್ಲ ಮಾರಾಯ್ತಿ," ಅಂದಳು ಊಟದ ಹೊತ್ತಿಗೆ. "ನಿನ್ನೆ ಅತ್ತೇನೇ ಹೇಳಿದ್ರು, ನನ್ನೂ ಹಗ್ಗಕ್ಕೆ ನೇತುಹಾಕ್ಬಿಡು ಅಂತ."

ಹುಡುಗಿ ನಕ್ಕಳು. ನಕ್ಕಿದ್ದಕ್ಕೆ ನಾಚಿಕೆಯಾಗಿ, "ನಾಳೆ ಒಂದನ್ನ ತಂದ್ಕೊಡಿ ಅಕ್ಕ. ನಾನು ದೊಡ್ಡ ತೊಟ್ಟಿಗೆ ಸೇರಿಸಿಬಿಡ್ತೀನಿ. ಒಲೆಕೋಣೇಲಿ ಒಣಗುತ್ತೆ," ಅಂದಳು.

"ಬೇಡ ಕಣೇ. ನಿನ್ ಕೆಲಸಕ್ಕೇ ಕುತ್ತು ಬರುತ್ತೆ."

"ಯಾರಿಗೆ ಗೊತ್ತಾಗುತ್ತೆ? ಎಲ್ಲ ಬಿಳೀನೇ ತಾನೇ."

ಅದು ನಿಜ. ಊರಿಗೆ ಇದ್ದದ್ದು ಒಂದು ಮಿಲ್ಲು. ಆಚೆಯವರಾಗಲಿ ಈಚೆಯವರಾಗಲಿ, ಬೆಡ್‌ಶೀಟು ಹರಿಯುತ್ತಿದ್ದದ್ದು ಅದೇ ಮಿಲ್ಲಿನ ಥಾನಿನಿಂದ. ಆದರೆ ಗುರುತಿಲ್ಲದೆ ಹಂಡೆಗೆ ಬಿದ್ದ ಬಟ್ಟೆ ಮತ್ತೆ ಕೈಗೆ ಸಿಗುವುದಿಲ್ಲ. ಹುಡುಗಿ ಹಿಂಡುವ ಅಕ್ಕನ ಮನೆಗೆ ಒಂದು ಹೊಸ ಗುರುತು ಕಟ್ಟಿದಳು: ಒಂದು ನಿಂತ ಗೆರೆ, ಅದರ ಎಡಕ್ಕೆ ಎರಡು ಚುಕ್ಕಿ. ಬೇರೆ ಯಾರಿಗೂ ಇಲ್ಲದ ಗುರುತು ಅಂತ ತನ್ನ ಬೆನ್ನನ್ನು ತಾನೇ ತಟ್ಟಿಕೊಂಡಳು. ಊರಿನ ದೊಡ್ಡ ಮನೆಗಳಲ್ಲೊಂದಾದ ಬಿಳಿ ಬಾಗಿಲಿನ ಮನೆಯ ಗುರುತು ನಿಂತ ಗೆರೆ ಮತ್ತು ಬಲಕ್ಕೆ ಎರಡು ಚುಕ್ಕಿ ಅನ್ನೋದು ಅವಳಿಗೆ ಗೊತ್ತಿತ್ತು. ಎಡ ಬೇರೆ, ಬಲ ಬೇರೆ ಅಂದುಕೊಂಡಳು. ಹಿಂಬದಿಯಿಂದ ನೋಡಿದರೆ ಎಡವೇ ಬಲ ಅನ್ನೋದು ಆ ಗಳಿಗೆಯಲ್ಲಿ ಹೊಳೆಯಲಿಲ್ಲ.

ಮರುದಿನ ಒಣಗಿದ ರಾಶಿ ಮೇಜಿಗೆ ಬಂತು. ಅವಳಿಗೆ ಆ ಬೆಡ್‌ಶೀಟನ್ನು ಯಾರೂ ನೋಡುವ ಮುಂಚೆ ಎತ್ತಿಡುವ ಆತುರ. ಒಂದು ಅಂಚು ಎತ್ತಿದಳು, ಗೆರೆಯ ಎಡಕ್ಕೆ ಎರಡು ಚುಕ್ಕಿ ಕಂಡಿತು. ಗಂಟು ನೋಡಲಿಲ್ಲ. ಸರಕ್ಕನೆ ಮಡಿಸಿ ಹಿಂಡುವ ಅಕ್ಕನ ಚೀಲಕ್ಕೆ ತುರುಕಿದಳು. ಬಿಳಿ ಬಾಗಿಲಿನ ಮನೆಯ ಎಂಟು ಬೆಡ್‌ಶೀಟನ್ನು ಅದೇ ಆತುರದಲ್ಲಿ ಎಣಿಸಿ ಕಟ್ಟಿದಳು. ಲೆಕ್ಕ ಸರಿಯಾಗೇ ಬಂತು. ಎಂಟು ಬಂದಿದ್ದವು, ಎಂಟು ಹೋದವು.

ನಾಲ್ಕು ದಿನ ಏನೂ ಆಗಲಿಲ್ಲ. ಐದನೇ ದಿನ ಬೆಳಿಗ್ಗೆ ಗಾಡಿಮಾವ ಒಳಗೆ ನುಗ್ಗಿದ. ಗಾಡಿಮಾವ ಮನೆಮನೆಗೆ ಮೂಟೆ ತಲುಪಿಸುವವನು. ಅವನ ಗಾಡಿಗೆ ಎರಡು ಚಕ್ರ, ಅವನ ನಾಲಿಗೆಗೆ ನಾಲ್ಕು. ಅವನ ಹೆಗಲ ಮೇಲೆ ಒಂದು ಒದ್ದೆ ಬೆಡ್‌ಶೀಟು.

"ಯಜಮಾನ್ರೇ, ಸೇತುವೆ ಆಚೆ ಹೋಗಿದ್ದೆ. ನಮ್ಮ ಹಿಂಡೋ ಮಹಾರಾಣಿ ಮನೆ ಹಗ್ಗದ ಮೇಲೆ ಏನು ನೇತಾಡ್ತಿತ್ತು ನೋಡಿ. ಕೆಂಪು ಗುರುತು. ಬಿಳಿ ಬಾಗಿಲಿನವರ್ದು."

ಯಜಮಾನರು ಕಟ್ಟೆ ಬಿಟ್ಟು ಎದ್ದು ಬಂದರು. ಹಂಡೆಯ ಬಳಿಯಿಂದ ಹಿಂಡುವ ಅಕ್ಕನನ್ನು ಕರೆಸಿದರು. ಅವಳು ಕೈ ಒರೆಸಿಕೊಳ್ಳುತ್ತ ಬಂದು ನಿಂತಳು.

"ಇದೇನು?"

"ನಮ್ಮನೆ ಬೆಡ್‌ಶೀಟು."

"ನಿಮ್ಮನೆದಕ್ಕೆ ಗುರುತು ಎಲ್ಲಿಂದ ಬಂತು?" ಯಜಮಾನರು ಕಿಟಕಿಯ ಕಡೆ ತಿರುಗಿದರು. "ಏನಮ್ಮ, ನೀನು ಹೇಳು. ಯಾರ ಮನೆ ಗುರುತಿದು?"

ಹುಡುಗಿ ಅಂಚು ತಿರುಗಿಸಿದಳು. ಈಗ ಗಂಟು ನೋಡಿದಳು. ಹಿಂಬದಿಯಲ್ಲಿತ್ತು. ಮುಂಬದಿಯಲ್ಲಿ ಗೆರೆ, ಬಲಕ್ಕೆ ಎರಡು ಚುಕ್ಕಿ.

"ಬಿಳಿ ಬಾಗಿಲಿನವರ್ದು," ಅಂದಳು.

ಅದು ಸುಳ್ಳಲ್ಲ. ಆದರೆ ಪೂರ್ತಿಯೂ ಅಲ್ಲ. ಹಿಂಡುವ ಅಕ್ಕ ಅವಳನ್ನೇ ನೋಡಿದಳು, ಮುಂದಿನ ಮಾತಿಗೆ ಕಾಯುವ ಹಾಗೆ. ಹುಡುಗಿ ಅಂಚನ್ನು ಮತ್ತೆ ಮಡಿಸಿಟ್ಟಳು.

"ಕಳ್ಳಿ," ಅಂದರು ಯಜಮಾನರು, ಎಲ್ಲರಿಗೂ ಕೇಳಿಸುವ ಹಾಗೆ. "ಊಟದ ಹೊತ್ತಿನ ತನಕ ಟೈಮ್ ಕೊಡ್ತೀನಿ. ಒಪ್ಪಿಕೊಂಡು ಮನೆಗೆ ಹೋಗು. ಇಲ್ದಿದ್ರೆ ಠಾಣೆಗೆ ಹೇಳಿ ಕಳಿಸ್ತೀನಿ. ಅಲ್ಲೀವರೆಗೆ ಇರೋ ಬಟ್ಟೆ ಹಿಂಡು."

ಕಳ್ಳಿ ಅಂದ ಮೇಲೂ ಕೆಲಸ ಮಾಡಿಸಿಕೊಳ್ಳುವುದರಲ್ಲಿ ಅವರಿಗೆ ಏನೂ ವಿಚಿತ್ರ ಕಾಣಲಿಲ್ಲ.

ದೊಡ್ಡಮ್ಮ ಹುಡುಗಿಯ ರಟ್ಟೆ ಹಿಡಿದು ಒಲೆಕೋಣೆಗೆ ಎಳೆದುಕೊಂಡು ಹೋದಳು. "ಅಲ್ಲಿ ಕಳ್ಳಿ ಅನ್ನಿಸ್ಕೊಂಡೋಳು ತಣ್ಣಗಿದ್ದಾಳೆ, ನೀನ್ಯಾಕೆ ಬೆವರ್ತಿದ್ದೀಯ?"

ಹುಡುಗಿ ಎಲ್ಲ ಒದರಿದಳು. ದೊಡ್ಡಮ್ಮ ಹಣೆ ಹಣೆ ಬಡಿದುಕೊಂಡಳು.

"ಬಾಯಿ ಹೊಲ್ಕೊಂಡು ಕೂತ್ಕೋ. ಹೊಲಿಗೆ ಕಲ್ತಿದ್ದೀಯಲ್ಲ."

"ಅಕ್ಕನ್ನ ಹಿಡ್ಕೊಂಡು ಹೋಗ್ತಾರೆ ದೊಡ್ಡಮ್ಮ."

"ನಿನ್ನ ಹೊರಗೆ ಹಾಕ್ತಾರೆ. ನಿನ್ ಹಿಂದೆ ನನ್ನೂ ಹಾಕ್ತಾರೆ. ನಾವು ಅವರಿಗಿಂತ ಒಂದು ಮೆಟ್ಲು ಮೇಲಿದ್ದೀವಿ, ಅಷ್ಟೇ ಕಣೇ. ಆ ಮೆಟ್ಲೂ ಯಜಮಾನ್ರದ್ದೇ. ಬಾಡಿಗೆ ಮೆಟ್ಲು."

ಹುಡುಗಿ ಬಂದು ಸ್ಟೂಲಿನ ಮೇಲೆ ಕೂತಳು. ಸೂಜಿಗೆ ದಾರ ಪೋಣಿಸಲು ಹೋದರೆ ಸೂಜಿಯ ಕಣ್ಣೇ ಕಾಣದು. ನೆಕ್ಕಿದಳು, ಹೊಸೆದಳು, ಮತ್ತೆ ನೆಕ್ಕಿದಳು. ಹಿಂದಿನಿಂದ ಹಿಂಡುವ ಸದ್ದು ಕೇಳುತ್ತಲೇ ಇತ್ತು, ಎಂದಿನ ಹಾಗೆ ಎರಡೇ ತಿರುವು. ಕೊನೆಗೆ ಸೂಜಿಯನ್ನು ಮೇಜಿಗೆ ಚುಚ್ಚಿ ಎದ್ದು ತೊಟ್ಟಿಯ ಕಡೆ ಹೋದಳು.

"ಅಕ್ಕ, ನೀವ್ಯಾಕೆ ಹೇಳ್ಲಿಲ್ಲ, ನಾನೇ ಸೇರಿಸಿದ್ದು ಅಂತ?"

ಹಿಂಡುವ ಅಕ್ಕ ಕೈ ನಿಲ್ಲಿಸಲಿಲ್ಲ. "ನಾನು ಹೇಳಿದ್ರೆ, ಕದ್ದಿದ್ದೂ ಅಲ್ದೆ ಆ ಮಗು ಮೇಲೆ ಹಾಕ್ತಾಳೆ ಅಂತಾರೆ. ನನ್ ಮಾತೂ ನನ್ ಬಟ್ಟೆ ಥರಾನೇ. ದೊಡ್ಡ ತೊಟ್ಟಿಗೆ ಬೀಳಬೇಕಾದ್ರೆ ನೀನೇ ತಗೊಂಡ್ಹೋಗಿ ಹಾಕ್ಬೇಕು."

"ನಂಗೆ ಹೆದರಿಕೆ."

"ನಂಗೇನು ಇಲ್ವಾ? ಅತ್ತೆ ಒಬ್ರೇ ಇದ್ದಾರೆ ಮನೇಲಿ. ಈಗ ಆ ಕಡೆ ತುದಿ ಹಿಡ್ಕೋ, ಸುಮ್ನೆ ನಿಂತು ಅಳ್ಬೇಡ."

ಹುಡುಗಿ ತುದಿ ಹಿಡಿದಳು. ಆ ಬೆಡ್‌ಶೀಟು ಹಿಂಡಿ ಮುಗಿಯುವ ಹೊತ್ತಿಗೆ ಅವಳಿಗೆ ಒಂದು ಯೋಚನೆ ಬಂದಿತ್ತು. ಸೀದಾ ಗಾಜಿನ ಕಟ್ಟೆಯ ಮುಂದೆ ಹೋಗಿ ನಿಂತಳು.

"ಯಜಮಾನ್ರೇ, ಬಿಳಿ ಬಾಗಿಲಿನವರಿಗೆ ಎಷ್ಟು ಬೆಡ್‌ಶೀಟ್ ಕಮ್ಮಿ ಬಿದ್ದಿದೆ?"

ಯಜಮಾನರು ಗಾಡಿಮಾವನ ಮುಖ ನೋಡಿದರು. ಗಾಡಿಮಾವ ಛಾವಣಿ ನೋಡಿದ.

"ಕೇಳಿಲ್ಲ," ಅಂದ.

"ಯಾಕೆ ಕೇಳಿಲ್ಲ?"

"ಇವಳ ಹಗ್ಗದ ಮೇಲೆ ಕಣ್ಣಾರೆ ನೋಡಿದ್ನಲ್ಲ. ಇನ್ನೇನು ಕೇಳೋದು?"

"ನಮ್ಮ ದೊಡ್ಡಮ್ಮನ ಹಗ್ಗದ ಮೇಲೆ ನೋಡಿದ್ರೆ ಕೇಳ್ತಿದ್ರಾ?"

ಗಾಡಿಮಾವ ತಲೆ ಕೆರೆದುಕೊಂಡ. ಕೆಟ್ಟವನಲ್ಲ, ಆಸಾಮಿ. "ನಿಮ್ಮ ದೊಡ್ಡಮ್ಮಂದಾದ್ರೆ, ಎಲ್ಲೋ ಅದಲುಬದಲಾಗಿದೆ ಅನ್ಕೋತಿದ್ದೆ," ಅಂದ. ಅಂದ ಮೇಲೆ ತನ್ನ ಮಾತು ತನಗೇ ಕೇಳಿಸಿದವನ ಹಾಗೆ ಈ ಸಲ ನೆಲ ನೋಡಿದ.

"ಅದಲುಬದಲೇ ಆಗಿರೋದು. ಮಾಡಿದ್ದು ನಾನು," ಅಂದಳು ಹುಡುಗಿ. ಅತ್ತೆಯ ಕಾಯಿಲೆ, ಒಲೆಕೋಣೆ, ಎಡಕ್ಕೆರಡು ಚುಕ್ಕಿ, ನೋಡದ ಗಂಟು, ಒಂದನ್ನೂ ಬಿಡದೆ ಹೇಳಿದಳು. ಮೇಜಿನ ಬಳಿ ದೊಡ್ಡಮ್ಮನ ಇಸ್ತ್ರಿಪೆಟ್ಟಿಗೆ ಯಾರದೋ ಅಂಗಿಯ ಮೇಲೆ ನಿಂತೇಬಿಟ್ಟಿತು. ಸುಟ್ಟ ವಾಸನೆ ಬಂದ ಮೇಲೇ ಎತ್ತಿದ್ದು.

ಯಜಮಾನರಿಗೆ ಸಿಟ್ಟು ಬಂದದ್ದು ಅದಲುಬದಲಿಗಿಂತ ದೊಡ್ಡ ತೊಟ್ಟಿಯ ವಿಷಯಕ್ಕೆ. ಆದರೂ ಸುಳ್ಳೋ ನಿಜವೋ ನೋಡಲೇಬೇಕಾಯಿತು. ಯಜಮಾನರು ಮುಂದೆ, ಗಾಡಿಮಾವ ಹಿಂದೆ, ನಡುವೆ ಹುಡುಗಿ, ಎಲ್ಲರಿಗಿಂತ ಹತ್ತು ಹೆಜ್ಜೆ ಹಿಂದೆ ಹಿಂಡುವ ಅಕ್ಕ. ಮೆರವಣಿಗೆ ಬಿಳಿ ಬಾಗಿಲಿನ ಮನೆಗೆ ಹೊರಟಿತು. ಆ ಬಾಗಿಲಿಗೆ ವರ್ಷಕ್ಕೆರಡು ಸಲ ಬಣ್ಣ ಬಳಿಸುತ್ತಿದ್ದರು. ಹಿಂಡುವ ಅಕ್ಕ ಗೇಟಿನ ಹೊರಗೇ ನಿಂತಳು, ಯಾರೂ ಹೇಳುವುದನ್ನು ಕಾಯಲಿಲ್ಲ.

ಮನೆಯಮ್ಮ ನಡುಮನೆಯ ದಿವಾನದ ಮೇಲೆ ಬೆಡ್‌ಶೀಟುಗಳನ್ನು ತಂದು ಹಾಕಿಸಿದರು. ಒಂದು ಮಂಚದ ಮೇಲಿಂದಲೇ ಕಿತ್ತು ತಂದದ್ದು. ಎಣಿಸಿದರು. ಎಂಟು.

"ಕಮ್ಮಿ ಏನೂ ಇಲ್ವಲ್ಲ," ಅಂದರು.

"ಅದೇ ಅಮ್ಮಾವ್ರೇ," ಯಜಮಾನರು ಕೈ ಹೊಸೆದರು, "ಇದ್ರಲ್ಲಿ ಒಂದು ನಮ್ಮ ಹಿಂಡೋಳ ಮನೇದು ಸೇರಿದೆ ಅಂತ ಈ ಹುಡುಗಿ ಹೇಳ್ತಾಳೆ."

"ಆಚೆಯವಳದ್ದಾ? ನಮ್ಮ ಮಂಚದ ಮೇಲಾ? ಸಾಧ್ಯವೇ ಇಲ್ಲ. ಆ ಜನರ ಬಟ್ಟೆ ಕೈಗೆ ತಾಗಿದ್ರೇ ಗೊತ್ತಾಗುತ್ತೆ ನಂಗೆ."

"ಹಾಗಾದ್ರೆ ಮುಟ್ಟಿ ನೋಡಿ ಹೇಳಿ ಅಮ್ಮಾವ್ರೇ," ಅಂದಳು ಹುಡುಗಿ. ಅಷ್ಟು ಧೈರ್ಯ ಎಲ್ಲಿಂದ ಬಂತೋ. ಬಹುಶಃ ಹೇಗೂ ಕೆಲಸ ಹೋಯಿತು ಅನ್ನುವ ನಿರಾಳದಿಂದ.

ಮನೆಯಮ್ಮ ಒಂದೊಂದನ್ನೇ ಬೆರಳಲ್ಲಿ ತಿಕ್ಕಿ ನೋಡಿದರು. ಐದನೆಯದಕ್ಕೆ ಮೂಗು ಮುರಿದರು. "ಇದೇ. ಗೋಣಿಚೀಲ ಇದ್ದ ಹಾಗಿದೆ. ತಗೊಂಡ್ಹೋಗಿ."

ಹುಡುಗಿ ಅಂಚು ಮಗುಚಿದಳು. "ಗಂಟು ಹಿಂದಿದೆ, ಚುಕ್ಕಿ ಬಲಕ್ಕಿದೆ. ಇದು ನಿಮ್ದೇ ಅಮ್ಮಾವ್ರೇ."

"ಹಾಗಿದ್ರೆ ಯಾವುದೂ ಇಲ್ಲ ಬಿಡು." ಮನೆಯಮ್ಮ ಮಂಚದಿಂದ ತಂದದ್ದನ್ನು ಎತ್ತಿ ಎದೆಗೆ ಒತ್ತಿಕೊಂಡರು. "ಇದು ನೋಡಿ, ನಮ್ಮಮ್ಮ ಕೊಟ್ಟಿದ್ದು. ಎಷ್ಟು ಮೆತ್ತಗಿದೆ. ನಾಲ್ಕು ದಿನದಿಂದ ಇದ್ರ ಮೇಲೇ ಮಲಗ್ತಿದ್ದೀನಿ, ಸೊಂಟನೋವೇ ಇಲ್ಲ. ಒಳ್ಳೇ ಮನೆತನದ ಬಟ್ಟೆ ಅಂದ್ರೆ ಹೀಗಿರುತ್ತೆ."

ಹುಡುಗಿ ಅವರ ತೋಳಿನಿಂದ ಜಾರಿದ ಒಂದು ಅಂಚನ್ನು ಹಿಡಿದಳು. ಹೆಬ್ಬೆರಳು ಗಂಟನ್ನು ಹುಡುಕಿತು. ಗಂಟು ಹಿಂದೆ. ನಿಂತ ಗೆರೆ. ಎಡಕ್ಕೆ ಎರಡು ಚುಕ್ಕಿ.

ಗಾಡಿಮಾವನಿಗೆ ಒಮ್ಮೆಲೇ ಕೆಮ್ಮು ಬಂದು, ಕೆಮ್ಮುತ್ತಲೇ ಅಂಗಳಕ್ಕೆ ಓಡಿದ. ಗೇಟಿನಾಚೆ ಅವನು ಹಿಂಡುವ ಅಕ್ಕನಿಗೆ ಏನೋ ಹೇಳಿದ್ದು, ಅವಳು ಸೆರಗು ಬಾಯಿಗೆ ಹಿಡಿದದ್ದು ಕಿಟಕಿಯಿಂದ ಕಾಣಿಸಿತು.

ಬೆಡ್‌ಶೀಟು ಅವರವರಿಗೆ ಸೇರಿತು. ಎಲ್ಲರೂ ಲಾಂಡ್ರಿಗೆ ವಾಪಸಾದರು. ಯಜಮಾನರು ಗಂಟಲು ಸರಿಮಾಡಿಕೊಂಡು, "ಆಯ್ತು ಆಯ್ತು, ಎಲ್ಲ ಕೆಲಸ ನೋಡಿ," ಅಂದರು.

ಎಲ್ಲರೂ ಕೆಲಸಕ್ಕೆ ಹೋದರು. ಹಿಂಡುವ ಅಕ್ಕ ಮಾತ್ರ ಒಂದು ಬಕೆಟ್ಟನ್ನು ಮಗುಚಿ ಹಾಕಿ ಅದರ ಮೇಲೆ ಕೂತಳು. ಮಡಿಸಿದ ಬೆಡ್‌ಶೀಟು ತೊಡೆಯ ಮೇಲೆ.

"ಏನಾಯ್ತು? ಠಾಣೆಗೇನೂ ಹೇಳಿ ಕಳಿಸಲ್ಲ," ಅಂದರು ಯಜಮಾನರು.

"ಬೆಳಿಗ್ಗೆ ಎಲ್ಲರೆದುರಿಗೆ ಕಳ್ಳಿ ಅಂದ್ರಿ. ಅದಲ್ಲ ಅಂತ ಎಲ್ಲರೆದುರಿಗೇ ಅನ್ನಿ. ಅಂದ್ರೆ ಏಳ್ತೀನಿ."

ಯಜಮಾನರು ಗುಡುಗಿದರು. ಕೆಲಸದಿಂದ ತೆಗೆಯುತ್ತೇನೆ ಅಂದರು. ಅವಳು ತೆಗೆಯಿರಿ ಅಂದಳು. ಅಷ್ಟರಲ್ಲಿ ಹಂಡೆಯಿಂದ ಎರಡು ಸುತ್ತಿನ ಬಟ್ಟೆ ಹೊರಗೆ ಬಂದು ಬೆಟ್ಟದ ಹಾಗೆ ಬಿದ್ದಿತ್ತು. ನೀರು ಹರಿದು ಇಸ್ತ್ರಿ ಮೇಜಿನ ಕಾಲಿಗೆ ಬಂತು. ಗಾಡಿಮಾವನೂ ಇನ್ನೊಬ್ಬನೂ ಒಂದು ಹೊದಿಕೆ ಹಿಂಡಲು ಹೋದರೆ, ಹೊದಿಕೆ ಅವರಿಬ್ಬರನ್ನೇ ಹಿಂಡಿ ಹಾಕಿತು. ಹುಡುಗಿ ಹೋಗಿ ಬಕೆಟ್ಟಿನ ಪಕ್ಕ ನೆಲದ ಮೇಲೆ ಕೂತಳು. ಸ್ವಲ್ಪ ಹೊತ್ತಿಗೆ ದೊಡ್ಡಮ್ಮ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು, "ಒದ್ದೆ ಬಟ್ಟೆಗೆ ಇಸ್ತ್ರಿ ಮಾಡೋದು ನಂಗೆ ಬರಲ್ಲಪ್ಪ," ಅಂತ ಗೋಡೆಗೊರಗಿದಳು. ಬಾಡಿಗೆ ಮೆಟ್ಟಿಲಿನಿಂದ ಅವಳು ಇಳಿದದ್ದು ಅಷ್ಟು ಸದ್ದಿಲ್ಲದೆ.

ಸಂಜೆಯ ಮೂಟೆಗೆ ಜನ ಬರುವ ಹೊತ್ತಾಯಿತು. ಯಜಮಾನರು ಹಿಂದಕ್ಕೆ ಬಂದರು. ಯಾರ ಮುಖವನ್ನೂ ನೋಡದೆ ಒಲೆಕೋಣೆಯ ಗೋಡೆಗೆ ಹೇಳಿದರು: "ಅವಳು ಕದ್ದಿಲ್ಲ. ನಾನು ಏನೂ ಕೇಳ್ದೆ ಕಳ್ಳಿ ಅಂದ್ಬಿಟ್ಟೆ."

"ಗೋಡೆಗೆ ಕೇಳಿಸ್ತು," ಅಂದಳು ಹಿಂಡುವ ಅಕ್ಕ. "ನಂಗೂ ಕೇಳಿಸ್ತು ಬಿಡಿ." ಎದ್ದು ತೋಳು ಮೇಲೇರಿಸಿದಳು.

ಹುಡುಗಿಗೆ ಶಿಕ್ಷೆ ತಪ್ಪಲಿಲ್ಲ. ಒಂದು ತಿಂಗಳು ಸೂಜಿ ಮುಟ್ಟುವಂತಿಲ್ಲ, ತೊಟ್ಟಿಯ ಬಳಿ ಹಿಂಡಬೇಕು. ಅಂಗೈಗೆ ಬೊಬ್ಬೆ ಬಂತು, ಕಥೆ ಮಾತ್ರ ಹೊಟ್ಟೆ ತುಂಬ ಸಿಕ್ಕಿತು. ತಿಂಗಳ ಕೊನೆಗೆ ಅವಳ ತೋಳು ಎಷ್ಟು ಗಟ್ಟಿಯಾಗಿತ್ತೆಂದರೆ ಮುಂದೆ ಗಂಡನಾಗುವವನು ಮೊದಲ ಸಲ ನೋಡಿ ಹೆದರಿದ್ದನಂತೆ.

ದೊಡ್ಡ ತೊಟ್ಟಿಯ ನಿಯಮವನ್ನು ಯಾರೂ ತೆಗೆದುಹಾಕಲಿಲ್ಲ. ಆರೇಳು ವರ್ಷ ಹಾಗೇ ಇತ್ತು. ಆಮೇಲೆ ಸಣ್ಣ ತೊಟ್ಟಿ ಸೋರತೊಡಗಿತು, ಸದ್ಯಕ್ಕೆ ಅಂತ ಆಚೆಯವರ ಬಟ್ಟೆಯೂ ದೊಡ್ಡ ತೊಟ್ಟಿಗೆ ಬಿತ್ತು. ಇವತ್ತು ಸರಿಮಾಡಿಸೋಣ, ನಾಳೆ ಸರಿಮಾಡಿಸೋಣ ಅಂತ ಯಜಮಾನರು ಅಂದುಕೊಳ್ಳುತ್ತಲೇ ಇದ್ದರು. ಗುರುತಿನಕ್ಕ ಮಾತ್ರ ಅದರ ಬಗ್ಗೆ ಒಂದು ದಿನವೂ ಅವರಿಗೆ ನೆನಪಿಸಲಿಲ್ಲ. ಈಗ ಸೇತುವೆ ಆಚೆಯ ನಲವತ್ತು ಮನೆಗೆ ಗುರುತಿದೆ. ಎಡಕ್ಕೆರಡು ಚುಕ್ಕಿಯ ಮೂಟೆಯನ್ನು ಹಿಂಡುವ ಅಕ್ಕನ ಮೊಮ್ಮಗಳು ಗಾಜಿನ ಕಟ್ಟೆಯ ಮೇಲಿಟ್ಟು ಚೀಟಿ ತೆಗೆದುಕೊಂಡು ಹೋಗುತ್ತಾಳೆ.

ಆ ಗಲಾಟೆಯಾಗಿ ಎರಡು ತಿಂಗಳಾದ ಮೇಲೆ ಗಾಡಿಮಾವ ಒಮ್ಮೆ ಮೆಲ್ಲಗೆ ತೊಟ್ಟಿಯ ಬಳಿ ಬಂದಿದ್ದ. ಆ ಕಡೆ ಈ ಕಡೆ ನೋಡಿ ಗುಟ್ಟು ಹೇಳುವವನ ಹಾಗೆ ಬಗ್ಗಿದ.

"ಬಿಳಿ ಬಾಗಿಲಿನಮ್ಮ ಕೇಳಿದ್ರು. ಯಾರಿಗೂ ಹೇಳ್ಬೇಡ ಅಂದಿದ್ದಾರೆ. ಆ ಬೆಡ್‌ಶೀಟ್ ಅಷ್ಟು ಮೆತ್ತಗಾಗೋಕೆ ಏನು ಹಾಕ್ತೀರಿ ಅಂತ. ಸೊಂಟನೋವು ಮತ್ತೆ ಶುರುವಾಗಿದೆಯಂತೆ."

ಹಿಂಡುವ ಅಕ್ಕ ಕಂಬಕ್ಕೆ ಬಟ್ಟೆ ಸುತ್ತುತ್ತ ಯೋಚಿಸಿದಳು.

"ಹನ್ನೊಂದು ವರ್ಷ ಐದು ಜನ ಅದ್ರ ಮೇಲೆ ಒಟ್ಟಿಗೆ ಮಲಗ್ಬೇಕು ಅಂತ ಹೇಳು," ಅಂದಳು. "ಜನ ಸಾಲದಿದ್ರೆ ಹೇಳಿ ಕಳಿಸ್ಲಿ. ಅತ್ತೆನ ಕರ್ಕೊಂಡು ನಾವೇ ಬರ್ತೀವಿ."